ಹೊಸಬರ ಡ್ರಾಯಿಂಗ್ ಹಾಳೆ ತಿದ್ದುವಾಗ

ಚಿತ್ರ ಬರೆಯಲು ಕಲಿಯುತ್ತಿರುವವರ ಮೊದಲ ಹಾಳೆಗಳಲ್ಲಿ ಚಿತ್ರವೇ ಇರುವುದಿಲ್ಲ. ನೇರ ಗೆರೆಗಳು, ದೀರ್ಘವೃತ್ತಗಳು, ಪೆಟ್ಟಿಗೆಗಳು, ದಿಗಂತ ರೇಖೆಯತ್ತ ಓಡುವ ರಸ್ತೆಯ ಎರಡು ಅಂಚುಗಳು, ಇಷ್ಟೇ ಇರುತ್ತವೆ. ದಾವಣಗೆರೆಯಲ್ಲಿ ಡ್ರಾಯಿಂಗ್ ಲೋಯರ್, ಹೈಯರ್ ಪರೀಕ್ಷೆಗೆ ಕೂರುವ ಹೈಸ್ಕೂಲು ಮಕ್ಕಳ, ಆರ್ಕಿಟೆಕ್ಚರ್ ಓದಬೇಕೆಂದು ನಾಟಾ ಪರೀಕ್ಷೆಗೆ ತಯಾರಾಗುವ ಪಿಯುಸಿ ವಿದ್ಯಾರ್ಥಿಗಳ, ಕೆಲಸದಿಂದ ನಿವೃತ್ತರಾದ ಮೇಲೆ ಹಳೆಯ ಆಸೆಯೊಂದನ್ನು ತೀರಿಸಿಕೊಳ್ಳಲು ಹೊರಟ ಹಿರಿಯರ ಇಂತಹ ಹಾಳೆಗಳನ್ನು ನಾನು ಹಲವು ವರ್ಷಗಳಿಂದ ನೋಡುತ್ತಾ ಬಂದಿದ್ದೇನೆ. ಹಾಳೆಯ ಮೇಲೆ 'ಗೆರೆ ಸೊಟ್ಟಗಿದೆ' ಎಂದು ಬರೆದುಕೊಟ್ಟರೆ ಯಾರಿಗೂ ಉಪಯೋಗವಾಗುವುದಿಲ್ಲ, ಏಕೆಂದರೆ ಗೆರೆ ಸೊಟ್ಟಗಿರುವುದು ಎಳೆದವರಿಗೆ ನಮಗಿಂತ ಮೊದಲೇ ಕಂಡಿರುತ್ತದೆ. ಅವರಿಗೆ ಕಾಣದಿರುವುದು ಅದಕ್ಕೆ ಕಾರಣವಾದ ಕೈಯ ಚಲನೆ ಮತ್ತು ಕಣ್ಣಿನ ನೋಟ. ತಿದ್ದುವವರು ಹೇಳಬೇಕಾದದ್ದು ಅದನ್ನು.

ಒಂದೇ ಗೆರೆಯ ಮೇಲೆ ಏಳೆಂಟು ಬಾರಿ ಗೆರೆ ಎಳೆಯುವ ಅಭ್ಯಾಸದಿಂದಲೇ ಆರಂಭಿಸೋಣ. ಸ್ಕೇಲ್ ಇಟ್ಟು ಎಳೆದ ಗೆರೆಯೊಂದರ ಮೇಲೆ ಮತ್ತೆ ಮತ್ತೆ ಕೈಯಿಂದಲೇ ಎಳೆಯುವಾಗ ಗೆರೆಗಳು ಕೊನೆಗೆ ಹೋಗುತ್ತಾ ಪೊರಕೆಯಂತೆ ಬಿಚ್ಚಿಕೊಳ್ಳುತ್ತವೆ. ಬಿಚ್ಚಿಕೊಂಡಿರುವುದು ಕೊನೆಯಲ್ಲಿ ಮಾತ್ರವಾದರೆ ಚಿಂತೆಯಿಲ್ಲ, ಅದು ಅಭ್ಯಾಸದೊಂದಿಗೆ ತಾನಾಗಿ ಕಡಿಮೆಯಾಗುತ್ತದೆ. ಆರಂಭದಲ್ಲಿಯೂ ಬಿಚ್ಚಿಕೊಂಡಿದ್ದರೆ ಅದು ಕೈಯ ದೋಷವಲ್ಲ, ಅವಸರದ ದೋಷ: ಪ್ರತಿ ಬಾರಿಯೂ ಪೆನ್ನಿನ ತುದಿಯನ್ನು ಅದೇ ಬಿಂದುವಿನ ಮೇಲೆ ಇಡಲು ಬೇಕಾದ ಒಂದು ಕ್ಷಣವನ್ನು ಆ ವಿದ್ಯಾರ್ಥಿ ಕೊಟ್ಟಿಲ್ಲ. ಆರಂಭದ ಬಿಂದುವಿನಲ್ಲಿ ಪೆನ್ನು ಇಡಲು ಎಷ್ಟು ಹೊತ್ತು ಬೇಕಾದರೂ ತೆಗೆದುಕೊಳ್ಳಬಹುದು, ಅಲ್ಲಿ ಯಾವ ಕೌಶಲವೂ ಬೇಕಿಲ್ಲ ಎಂದು ಒಮ್ಮೆ ಹೇಳಿದರೆ ಮುಂದಿನ ಹಾಳೆಯಲ್ಲಿಯೇ ಬದಲಾವಣೆ ಕಾಣುತ್ತದೆ. ಹೇಳಿದ ಮಾತು ಇಷ್ಟು ಬೇಗ ಫಲ ಕೊಡುವ ಸಂದರ್ಭಗಳು ಈ ಕೆಲಸದಲ್ಲಿ ಅಪರೂಪವಾದ್ದರಿಂದ ನಾನು ಸಾಮಾನ್ಯವಾಗಿ ಇದನ್ನೇ ಮೊದಲು ಹೇಳುತ್ತೇನೆ.

ನಡುಗುವ ಗೆರೆಯ ಕಥೆ ಬೇರೆ. ಸೂಕ್ಷ್ಮವಾಗಿ ನೋಡಿದರೆ ಅದರಲ್ಲಿ ಸಣ್ಣ ಸಣ್ಣ ತಿರುವುಗಳಿರುತ್ತವೆ; ಗೆರೆ ಗುರಿಯಿಂದ ಕೊಂಚ ಸರಿದಾಗಲೆಲ್ಲ ಕಣ್ಣು ಅದನ್ನು ಹಿಡಿದು ಕೈಗೆ ಹೇಳಿದೆ, ಕೈ ತಿದ್ದಿಕೊಂಡಿದೆ, ಆ ತಿದ್ದುಪಡಿಗಳೇ ನಡುಕವಾಗಿ ಹಾಳೆಯ ಮೇಲೆ ಉಳಿದಿವೆ. ಅಂದರೆ ಇದು ಅಜಾಗರೂಕತೆಯಿಂದ ಬಂದ ದೋಷವಲ್ಲ, ಅತಿ ಜಾಗರೂಕತೆಯಿಂದ ಬಂದದ್ದು. ಅಂತಹವರಿಗೆ 'ಇನ್ನೂ ಗಮನವಿಟ್ಟು ಎಳೆ' ಎಂದರೆ ದೋಷ ಇಮ್ಮಡಿಯಾಗುತ್ತದೆ. ಅವರಿಗೆ ಹೇಳಬೇಕಾದದ್ದು ಇದು: ಎರಡು ಚುಕ್ಕೆ ಇಡಿ, ಪೆನ್ನನ್ನು ಹಾಳೆಗೆ ತಾಗಿಸದೆ ಒಂದು ಚುಕ್ಕೆಯಿಂದ ಇನ್ನೊಂದಕ್ಕೆ ಗಾಳಿಯಲ್ಲಿ ಕೆಲವು ಬಾರಿ ಆಡಿಸಿ, ಕೈಗೆ ದಾರಿ ಗೊತ್ತಾದ ಮೇಲೆ ಒಂದೇ ವೇಗದಲ್ಲಿ ಎಳೆದುಬಿಡಿ, ಗೆರೆ ಚುಕ್ಕೆಯನ್ನು ತಪ್ಪಿಸಿ ಹೋದರೂ ಪರವಾಗಿಲ್ಲ, ಮಧ್ಯದಲ್ಲಿ ಮನಸ್ಸು ಬದಲಿಸಬೇಡಿ. ಗುರಿ ತಪ್ಪಿದ ನೇರ ಗೆರೆಯನ್ನು ತಿದ್ದುವುದು ಸುಲಭ, ಗುರಿ ಮುಟ್ಟಿದ ನಡುಗುವ ಗೆರೆಯನ್ನು ತಿದ್ದುವುದು ಬಹಳ ಕಷ್ಟ. ಫ್ಲೆಕ್ಸ್ ಬರುವ ಮೊದಲು ನಮ್ಮ ಮಂಡಿಪೇಟೆಯ ಅಂಗಡಿಗಳ ಮೇಲೆ ಬೋರ್ಡು ಬರೆಯುತ್ತಿದ್ದವರನ್ನು ನೋಡಿದವರಿಗೆ ಈ ಮಾತು ಹೊಸದಲ್ಲ. ಏಣಿಯ ಮೇಲೆ ನಿಂತು ಆಳೆತ್ತರದ ಅಕ್ಷರಗಳನ್ನು ಬರೆಯುವಾಗ ಅವರು ಬ್ರಷ್ ತಾಗಿಸುವ ಮೊದಲೇ ತೋಳನ್ನು ಒಮ್ಮೆ ಆಡಿಸಿ ನೋಡುತ್ತಿದ್ದರು, ತಾಗಿಸಿದ ಮೇಲೆ ನಿಲ್ಲಿಸುತ್ತಿರಲಿಲ್ಲ.

ನಡುಕವಿಲ್ಲದ, ಆದರೆ ಬಿಲ್ಲಿನ ಹಾಗೆ ಬಾಗಿದ ಗೆರೆಗೆ ಕಾರಣ ಕೀಲು. ಮಣಿಕಟ್ಟನ್ನು ಮೇಜಿನ ಮೇಲೆ ಊರಿ ಎಳೆದರೆ ಕೈ ಕೈವಾರವಾಗುತ್ತದೆ, ಗೆರೆ ಸಹಜವಾಗಿ ಕಂಸವಾಗುತ್ತದೆ. ಭುಜದಿಂದ ಎಳೆಯಲು ಹೇಳಬೇಕು, ಹಾಳೆಯನ್ನು ತಮಗೆ ಅನುಕೂಲವಾದ ದಿಕ್ಕಿಗೆ ತಿರುಗಿಸಿಕೊಳ್ಳಲು ಹೇಳಬೇಕು. ಪರೀಕ್ಷೆಯಲ್ಲಿ ಹಾಳೆ ತಿರುಗಿಸಬಾರದು ಎಂಬ ನಂಬಿಕೆ ಎಲ್ಲಿಂದ ಹುಟ್ಟಿತೋ ತಿಳಿಯದು, ಅದನ್ನು ಬಿಡಿಸುವುದಕ್ಕೇ ಎಷ್ಟೋ ಮಕ್ಕಳ ಜೊತೆ ವಾದ ಮಾಡಬೇಕಾಗುತ್ತದೆ. ಇನ್ನು ಗೀಚಿ ಗೀಚಿ, ಕೂದಲಿನಂತಹ ಸಣ್ಣ ತುಣುಕುಗಳನ್ನು ಜೋಡಿಸಿ ಎಳೆದ ಗೆರೆಗಳಿಗೆ ಒಂದೇ ಮದ್ದು: ಪೆನ್ಸಿಲ್ ಮತ್ತು ರಬ್ಬರ್ ಪಕ್ಕಕ್ಕಿಟ್ಟು ಬಾಲ್‌ಪೆನ್ ಹಿಡಿಯುವುದು.

ದೀರ್ಘವೃತ್ತದ ವಿಷಯಕ್ಕೆ ಬಂದಾಗ ಕೈಗಿಂತ ಕಣ್ಣಿನ ಮಾತು ಹೆಚ್ಚಾಗುತ್ತದೆ. ಕೈಯ ದೋಷಗಳನ್ನು ಬೇಗ ಹೇಳಿ ಮುಗಿಸಬಹುದು: ಎರಡು ತುದಿಗಳಲ್ಲಿ ಮೂಲೆ ಬಂದಿದ್ದರೆ ತಿರುವಿನಲ್ಲಿ ಕೈ ನಿಧಾನವಾಗಿದೆ ಎಂದರ್ಥ, ಪೆನ್ನು ಎತ್ತುವ ಮೊದಲು ಎರಡು ಸುತ್ತು ಸುತ್ತಿದರೆ ಆಕಾರ ಸರಿಯಾಗುತ್ತದೆ, ನಾಲ್ಕೈದು ಸುತ್ತು ಸುತ್ತಿದರೆ ನೂಲಿನ ಉಂಡೆಯಾಗುತ್ತದೆ. ಕಷ್ಟವಾಗುವುದು ಈ ದೀರ್ಘವೃತ್ತಗಳು ವಸ್ತುವಿನ ಮೇಲೆ ಬಂದಾಗ. ಈಚೆಗೆ ನನ್ನ ಕೈಗೆ ಬಂದ ಹಾಳೆಯೊಂದರಲ್ಲಿ ಮೇಜಿನ ಮೇಲಿಟ್ಟ ಸ್ಟೀಲ್ ಲೋಟವಿತ್ತು. ಬಾಯಿಯ ದೀರ್ಘವೃತ್ತ ತಕ್ಕಮಟ್ಟಿಗೆ ಸರಿಯಾಗಿತ್ತು, ಅಂಚಿನ ಸುರುಳಿಯನ್ನು ಕೂಡ ಆ ಹುಡುಗಿ ಗಮನಿಸಿ ಎರಡು ಗೆರೆಗಳಲ್ಲಿ ತೋರಿಸಿದ್ದಳು, ಆದರೆ ತಳವನ್ನು ಸ್ಕೇಲ್ ಇಟ್ಟಷ್ಟು ನೇರವಾದ ಅಡ್ಡಗೆರೆಯಿಂದ ಮುಗಿಸಿದ್ದಳು. ಲೋಟ ಮೇಜಿನ ಮೇಲೆ ಸಮವಾಗಿ ಕೂತಿದೆ, ಆದ್ದರಿಂದ ತಳ ಸಮತಟ್ಟಾಗಿರಬೇಕು ಎಂದು ಮನಸ್ಸು ಹೇಳುತ್ತದೆ; ಕಣ್ಣು ಹೇಳುವುದು ಅದಕ್ಕೆ ವಿರುದ್ಧ. ಕಣ್ಣಿನ ಮಟ್ಟಕ್ಕಿಂತ ಕೆಳಗಿರುವ ವೃತ್ತಗಳು ಕೆಳಗೆ ಹೋದಷ್ಟೂ ಹೆಚ್ಚು ತೆರೆದುಕೊಳ್ಳುತ್ತವೆ, ಆದ್ದರಿಂದ ತಳದ ಬಾಗು ಬಾಯಿಯ ಬಾಗಿಗಿಂತ ಹೆಚ್ಚು ದುಂಡಗಿರಬೇಕು. ನಮ್ಮ ಕಾಫಿ ಲೋಟಗಳಲ್ಲಿ ಇನ್ನೊಂದು ತೊಡಕಿದೆ. ಅವು ಕೆಳಗೆ ಕಿರಿದಾಗುವುದರಿಂದ ತಳದ ದೀರ್ಘವೃತ್ತದ ಅಗಲ ಕಡಿಮೆಯಾಗುತ್ತದೆ, ಹೊಸಬರು ಅಗಲದ ಜೊತೆಗೆ ದುಂಡುತನವನ್ನೂ ಕಡಿಮೆ ಮಾಡಿಬಿಡುತ್ತಾರೆ. ಅಗಲ ಬೇರೆ, ಅಗಲಕ್ಕೂ ಎತ್ತರಕ್ಕೂ ಇರುವ ಅನುಪಾತ ಬೇರೆ. ಆ ಹುಡುಗಿಗೆ ನಾನು ತಳವನ್ನು ಬರೆದು ತೋರಿಸಲಿಲ್ಲ. ಲೋಟದ ಹಿಂಬದಿಯೂ ಕಾಣುವಂತೆ, ಗಾಜಿನದೆಂದು ಭಾವಿಸಿ, ಬಾಯಿಯಿಂದ ತಳದವರೆಗೆ ನಾಲ್ಕು ಪೂರ್ಣ ದೀರ್ಘವೃತ್ತಗಳನ್ನು ಬರೆದು ತರಲು ಹೇಳಿದೆ. ಮೂರನೆಯದನ್ನು ಬರೆಯುವ ಹೊತ್ತಿಗೆ ತಳ ನೇರವಾಗಿರಲು ಸಾಧ್ಯವೇ ಇಲ್ಲವೆಂಬುದು ಯಾರಿಗಾದರೂ ಹೊಳೆಯುತ್ತದೆ.

ಕಣ್ಣಿನ ಮಟ್ಟ ಎಂದೆನಲ್ಲ, ಪರ್ಸ್ಪೆಕ್ಟಿವ್, ಅಂದರೆ ದೂರ ಹೋದಂತೆ ವಸ್ತುಗಳು ಕಿರಿದಾಗಿ ಕಾಣುವುದನ್ನು ಬರೆಯುವ ಅಭ್ಯಾಸದ ಹಾಳೆಗಳಲ್ಲಿ ಅತಿ ಹೆಚ್ಚು ಗೊಂದಲವಿರುವುದು ಅದರ ಬಗ್ಗೆಯೇ. ದಾವಣಗೆರೆಯ ರೈಲ್ವೆ ಪ್ಲಾಟ್‌ಫಾರ್ಮಿನ ಚಿತ್ರ ಬರೆದವರಿಗೆ ಈ ಗೊಂದಲ ಅಷ್ಟಾಗಿ ಬರುವುದಿಲ್ಲ, ಏಕೆಂದರೆ ಅಲ್ಲಿ ನೆಲ ಸಮತಟ್ಟು, ಹಳಿಗಳು ಸೇರುವಂತೆ ಕಾಣುವ ಜಾಗವೇ ದಿಗಂತ ರೇಖೆಯನ್ನು ತೋರಿಸಿಕೊಡುತ್ತದೆ. ಚಿತ್ರದುರ್ಗದಿಂದ ಬರುವ ಹಾಳೆಗಳಲ್ಲಿ ಮಾತ್ರ ದಿಗಂತ ರೇಖೆ ಎಷ್ಟೋ ಸಲ ಹಾಳೆಯ ನೆತ್ತಿಯ ಮೇಲೆ ಹೋಗಿ ಕೂತಿರುತ್ತದೆ. ಸುತ್ತಲೂ ಗುಡ್ಡಗಳಿರುವ ಊರಿನಲ್ಲಿ ಗುಡ್ಡದ ಸಾಲು ಆಕಾಶವನ್ನು ಮುಟ್ಟುವ ಅಂಚನ್ನೇ ದಿಗಂತವೆಂದು ಭಾವಿಸುವುದು ಸಹಜ. ಪರ್ಸ್ಪೆಕ್ಟಿವ್‌ನ ದಿಗಂತ ರೇಖೆ ಗುಡ್ಡದ ಅಂಚಲ್ಲ, ನೋಡುವವರ ಕಣ್ಣಿನ ಎತ್ತರ; ಕೂತರೆ ಇಳಿಯುತ್ತದೆ, ನಿಂತರೆ ಏರುತ್ತದೆ. ಇದನ್ನು ಮಾತಿನಲ್ಲಿ ಹೇಳಿದರೆ ತಲೆಯಾಡಿಸುತ್ತಾರೆ, ಮುಂದಿನ ಹಾಳೆಯಲ್ಲಿ ಅದನ್ನೇ ಮತ್ತೆ ಮಾಡುತ್ತಾರೆ. ಅದರ ಬದಲು ಅರ್ಧ ನೀರು ತುಂಬಿದ ಪಾರದರ್ಶಕ ಬಾಟಲಿಯೊಂದನ್ನು ನೆಟ್ಟಗೆ ಹಿಡಿದು ಕಣ್ಣೆದುರು ಮೇಲೆ ಕೆಳಗೆ ಸರಿಸಲು ಹೇಳಿ. ನೀರಿನ ಮೇಲ್ಮೈ ದೀರ್ಘವೃತ್ತವಾಗಿ ಕಾಣುವುದು ನಿಂತು ಒಂದೇ ಗೆರೆಯಾಗಿ ಕಂಡಾಗ ಆ ಗೆರೆ ಎದುರಿನ ಗೋಡೆಯನ್ನೋ ಮರವನ್ನೋ ಎಲ್ಲಿ ಹಾಯುತ್ತದೆಯೋ ಅಲ್ಲಿ ದಿಗಂತ ರೇಖೆ ಇದೆ.

ಅಂದ ಹಾಗೆ, ಏಳು ಸುತ್ತಿನ ಕೋಟೆ ಹೊಸಬರ ಪರ್ಸ್ಪೆಕ್ಟಿವ್ ಅಭ್ಯಾಸಕ್ಕೆ ಒಳ್ಳೆಯ ಜಾಗವೆಂದು ನನಗೆ ಅನಿಸುವುದಿಲ್ಲ. ಶತ್ರು ನೇರವಾಗಿ ನುಗ್ಗಬಾರದೆಂದು ಬಾಗಿಲುಗಳ ನಡುವಿನ ದಾರಿಯನ್ನು ಬೇಕೆಂದೇ ತಿರುಚಿ ಕಟ್ಟಿದ ಕೋಟೆಯದು. ಅಲ್ಲಿನ ಗೋಡೆಗಳು ಬಂಡೆಗಳ ಇಳಿಜಾರನ್ನು ಹಿಡಿದು ಸಾಗುತ್ತವೆ, ಒಂದಕ್ಕೊಂದು ಸಮಾನಾಂತರವಾಗಿರುವುದು ಅಪರೂಪ, ಆದ್ದರಿಂದ ಒಂದೇ ವ್ಯಾನಿಶಿಂಗ್ ಪಾಯಿಂಟಿಗೆ (ದೂರ ಹೋಗುವ ಸಮಾನಾಂತರ ಗೆರೆಗಳು ಸೇರುವಂತೆ ಕಾಣುವ ಬಿಂದುವಿಗೆ) ಎಲ್ಲವನ್ನೂ ಎಳೆದು ತಂದ ಚಿತ್ರ ಕೋಟೆಯನ್ನು ಕಾರಿಡಾರ್ ಮಾಡಿಬಿಡುತ್ತದೆ. ಮೆಟ್ಟಿಲುಗಳೂ ಹಾಗೆಯೇ. ಏರುವ ಮೆಟ್ಟಿಲು ಸಾಲಿನ ಎರಡು ಅಂಚುಗಳು ಸೇರುವುದು ದಿಗಂತ ರೇಖೆಯ ಮೇಲಲ್ಲ, ಅದಕ್ಕಿಂತ ಎತ್ತರದಲ್ಲಿ, ಸಮತಟ್ಟು ಗೆರೆಗಳ ಬಿಂದುವಿನ ನೇರ ಮೇಲೆ. ಇಳಿಯುವ ಸಾಲಿನದು ಅಷ್ಟೇ ನೇರವಾಗಿ ಕೆಳಗೆ. ಇದು ಎರಡನೆಯ ಹಂತದ ಪಾಠ. ಮೊದಲ ಹಂತದಲ್ಲಿ ಇರುವವರು ಇಂತಹ ಚಿತ್ರ ತಂದರೆ ಅದರ ದೋಷಗಳನ್ನು ಎಣಿಸಲು ಹೋಗದೆ ಪೆಟ್ಟಿಗೆಗೆ ಮರಳಲು ಹೇಳುವುದೇ ನ್ಯಾಯ.

ಪೆಟ್ಟಿಗೆಗಳನ್ನು ನೋಡುವಾಗ ನನ್ನ ಕೈಯಲ್ಲಿ ಕೆಂಪು ಪೆನ್ನು ಇರುವುದಿಲ್ಲ, ವಿದ್ಯಾರ್ಥಿಯ ಕೈಯಲ್ಲಿ ಇರುತ್ತದೆ. ಪೆಟ್ಟಿಗೆಗೆ ಹನ್ನೆರಡು ಅಂಚುಗಳು, ನಾಲ್ಕರಂತೆ ಮೂರು ಗುಂಪು; ಮರೆಯಾದ ಅಂಚುಗಳನ್ನೂ ಬರೆದು, ಪ್ರತಿ ಗುಂಪಿನ ನಾಲ್ಕು ಗೆರೆಗಳನ್ನೂ ಕೆಂಪು ಶಾಯಿಯಲ್ಲಿ ಮುಂದುವರಿಸಿ ಅವು ಎಲ್ಲಿ ಸೇರುತ್ತವೆ ಎಂದು ಅವರೇ ನೋಡಬೇಕು. ಇಲ್ಲಿ ಎರಡು ಎಡವಟ್ಟುಗಳು ಪದೇ ಪದೇ ಕಾಣುತ್ತವೆ. ಗೆರೆಗಳನ್ನು ನಮ್ಮಿಂದ ದೂರ ಹೋಗುವ ದಿಕ್ಕಿಗೆ ಮುಂದುವರಿಸುವ ಬದಲು ನಮ್ಮ ಕಡೆಗೇ ಮುಂದುವರಿಸಿ, ಅವು ಅಗಲವಾಗುತ್ತಿವೆ, ತಪ್ಪಾಗಿದೆ ಎಂದು ನಿರಾಶರಾಗುವುದು ಒಂದು. ಇನ್ನೊಂದು, ಒಂದೇ ಮುಖದ ಎರಡೆರಡು ಗೆರೆಗಳನ್ನು ಜೋಡಿ ಮಾಡಿ ನೋಡುವುದು. ಆಗ ಎರಡು ಜೋಡಿಗಳು ಎರಡು ಬೇರೆ ಬಿಂದುಗಳಲ್ಲಿ ಸೇರಿ, ಹಿಂದಿನ ಮೂಲೆ ಮಾತ್ರ ಯಾಕೋ ಕೂಡಿಕೊಳ್ಳದೆ ಉಳಿಯುತ್ತದೆ. ನಾಲ್ಕನ್ನೂ ಒಟ್ಟಿಗೆ ನೋಡಿ ಎಂಬ ಒಂದು ಮಾತು ಇದಕ್ಕೆ ಸಾಕು. ಎರಡು ವ್ಯಾನಿಶಿಂಗ್ ಪಾಯಿಂಟುಗಳನ್ನೂ ಎ4 ಹಾಳೆಯ ಒಳಗೇ ಇಟ್ಟುಕೊಂಡು ದೊಡ್ಡ ಪೆಟ್ಟಿಗೆ ಬರೆದವರದು ಮೂರನೆಯ ಬಗೆಯ ತೊಂದರೆ, ಅವರ ಗೆರೆಗಳೆಲ್ಲ ಸರಿಯಾಗಿಯೇ ಇರುತ್ತವೆ ಮತ್ತು ಪೆಟ್ಟಿಗೆ ಮಾತ್ರ ಚೂಪಾಗಿ ವಿಕಾರವಾಗಿ ಕಾಣುತ್ತದೆ. ಮೇಲ್ಮುಖದ ಹತ್ತಿರದ ಮೂಲೆಯನ್ನು ಅಳೆದರೆ 90 ಡಿಗ್ರಿಗಿಂತ ಕಡಿಮೆ ಬಂದಿರುತ್ತದೆ. ಕಣ್ಣು ಒಮ್ಮೆಗೆ ಸಹಜವಾಗಿ ಗ್ರಹಿಸುವ ಸುಮಾರು 60 ಡಿಗ್ರಿಯ ನೋಟದ ಹೊರಗೆ ಪೆಟ್ಟಿಗೆ ಹೋಗಿಬಿಟ್ಟಿದೆ ಎಂದು ವಿವರಿಸಿ, ಬಿಂದುಗಳನ್ನು ಹಾಳೆಯಾಚೆ ಮೇಜಿನ ಮೇಲೆ ಇಟ್ಟುಕೊಳ್ಳಲು ಹೇಳಬೇಕು.

ಕೆಲವರ ಪೆಟ್ಟಿಗೆಗಳಲ್ಲಿ ಗೆರೆಗಳು ಸೇರುವುದೇ ಇಲ್ಲ, ಅಚ್ಚುಕಟ್ಟಾಗಿ ಸಮಾನಾಂತರವಾಗಿ ಹೋಗುತ್ತವೆ. ಅವರನ್ನು ಗದರಿಸುವ ಮೊದಲು ನಮ್ಮ ಸಾಂಪ್ರದಾಯಿಕ ಚಿತ್ರಗಳಲ್ಲಿ ಮಂಚವನ್ನೂ ಮಣೆಯನ್ನೂ ಹೀಗೆಯೇ ಬರೆಯುತ್ತಿದ್ದರೆಂಬುದು ನೆನಪಿರಲಿ. ಗೆರೆಗಳು ಒಂದು ಬಿಂದುವಿನಲ್ಲಿ ಸೇರುವ ಪದ್ಧತಿಯನ್ನು ಫ್ಲಾರೆನ್ಸಿನಲ್ಲಿ ಬ್ರುನೆಲೆಸ್ಕಿ ಪ್ರಯೋಗ ಮಾಡಿ ತೋರಿಸಿದ್ದು, ಆಲ್ಬರ್ಟಿ 1435ರಲ್ಲಿ ಅದರ ಕ್ರಮವನ್ನು ಬರೆದಿಟ್ಟದ್ದು. ಅದು ಒಂದು ಕಡೆ ನಿಂತು ಒಂದು ಕಣ್ಣಿನಿಂದ ನೋಡುವವರ ಪದ್ಧತಿ. ಪರೀಕ್ಷೆಗೆ ಬೇಕಾಗಿರುವುದು ಅದೇ, ಆದ್ದರಿಂದ ಅದನ್ನು ಕಲಿಯಬೇಕು, ಅಷ್ಟೇ.

ಹೊಳಲ್ಕೆರೆ, ಜಗಳೂರು, ಚಳ್ಳಕೆರೆಯಂತಹ ಕಡೆಗಳಿಂದ ವಾಟ್ಸಾಪಿನಲ್ಲಿ ಬರುವ ಫೋಟೋಗಳ ಬಗ್ಗೆ ಒಂದು ಮಾತು ಹೇಳಲೇಬೇಕು. ಮೇಜಿನ ಮೇಲಿಟ್ಟ ಹಾಳೆಯನ್ನು ಕುಳಿತಲ್ಲಿಂದಲೇ ಓರೆಯಾಗಿ ತೆಗೆದ ಫೋಟೋದಲ್ಲಿ ಹಾಳೆಗೇ ಪರ್ಸ್ಪೆಕ್ಟಿವ್ ಬಂದಿರುತ್ತದೆ: ದೂರದ ಅಂಚು ಕಿರಿದಾಗಿ, ಸಮಾನಾಂತರ ಗೆರೆಗಳು ಸೇರತೊಡಗಿ, ವೃತ್ತಗಳು ಚಪ್ಪಟೆಯಾಗಿರುತ್ತವೆ. ಫೋನನ್ನು ತೀರಾ ಹತ್ತಿರ ಹಿಡಿದರೆ ಅಂಚಿನ ನೇರ ಗೆರೆಗಳು ಕೂಡ ಕೊಂಚ ಬಾಗಿದಂತೆ ಕಾಣಬಹುದು. ವಿದ್ಯಾರ್ಥಿಯ ಕೈ ಮಾಡದ ತಪ್ಪನ್ನು ಅವರ ಲೆಕ್ಕಕ್ಕೆ ಬರೆಯುವ ಅಪಾಯ ಇಲ್ಲಿದೆ. ಆದ್ದರಿಂದ ಹಾಳೆಯನ್ನು ನೆಲದ ಮೇಲೆ ಹಗಲು ಬೆಳಕಿನಲ್ಲಿ ಇಟ್ಟು, ನಿಂತು, ನೇರ ಮೇಲಿನಿಂದ, ನಾಲ್ಕೂ ಮೂಲೆಗಳು ಕಾಣುವಂತೆ ಫೋಟೋ ತೆಗೆಯಬೇಕೆಂದು ಮೊದಲೇ ತಿಳಿಸಿರುತ್ತೇನೆ, ಮೂಲೆಗಳು ಚೌಕವಾಗಿ ಕಾಣದಿದ್ದರೆ ಮತ್ತೊಂದು ಫೋಟೋ ಕೇಳುತ್ತೇನೆ.

ಹಾಳೆಯಲ್ಲಿ ಹತ್ತು ದೋಷ ಕಂಡರೂ ಹೇಳಬೇಕಾದದ್ದು ಒಂದು, ಹೆಚ್ಚೆಂದರೆ ಎರಡು. ಹತ್ತನ್ನೂ ಹೇಳಿದವರಿಗೆ ತಮ್ಮ ಕಣ್ಣಿನ ಚುರುಕುತನ ತೋರಿಸಿದ ಸಮಾಧಾನ ಸಿಗುತ್ತದೆ, ಕೇಳಿದವರು ಮುಂದಿನ ಗೆರೆ ಎಳೆಯುವಾಗ ಹತ್ತನ್ನೂ ನೆನಪಿಟ್ಟುಕೊಳ್ಳಲು ಹೋಗಿ ಮತ್ತೆ ನಡುಗುತ್ತಾರೆ. ಗೆರೆಯೇ ನಡುಗುತ್ತಿರುವ ಹಾಳೆಯಲ್ಲಿ ಪರ್ಸ್ಪೆಕ್ಟಿವ್ ಎಷ್ಟೇ ಕೆಟ್ಟಿದ್ದರೂ ಅದರ ಮಾತು ಎತ್ತಬಾರದು ಎಂಬುದು ನನ್ನ ನಿಲುವು. 'ಚೆನ್ನಾಗಿದೆ, ಇನ್ನೂ ಪ್ರಾಕ್ಟೀಸ್ ಮಾಡಿ' ಎಂಬ ಷರಾ ಕೂಡ ಬೇಡ, ಏನನ್ನು ಪ್ರಾಕ್ಟೀಸ್ ಮಾಡಬೇಕು, ಎಷ್ಟು ಹಾಳೆ ಎಂದು ಹೇಳದಿದ್ದರೆ ಅದು ಬರೀ ಸಹಿ. ಅವರ ಗೆರೆಯ ಮೇಲೆ ನಮ್ಮ ಗೆರೆ ಎಳೆದು ತೋರಿಸುವುದನ್ನಂತೂ ನಾನು ಒಪ್ಪುವುದಿಲ್ಲ. ತೋರಿಸಲೇಬೇಕಾದರೆ ಪಕ್ಕದಲ್ಲಿ ಬೇರೆ ಹಾಳೆ ಇಟ್ಟು, ಫಲಿತಾಂಶಕ್ಕಿಂತ ಹೆಚ್ಚಾಗಿ ತೋಳು ಹೇಗೆ ಚಲಿಸುತ್ತದೆ ಎಂಬುದನ್ನು ತೋರಿಸಬೇಕು. ಇಡೀ ಅಭ್ಯಾಸವನ್ನು ಮತ್ತೆ ಮಾಡಿಸುವುದು ಬಹುತೇಕ ಅನಗತ್ಯ. ದೋಷವಿದ್ದ ಭಾಗದ ಒಂದು ಹಾಳೆ ಸಾಕು, ಉಳಿದದ್ದನ್ನು ಪ್ರತಿದಿನದ ಹತ್ತು ನಿಮಿಷದ ಕೈ ಪಳಗಿಸುವಿಕೆಗೆ ಬಿಡಬಹುದು.

ಮರಳಿ ಬರುವ ಹಾಳೆಯ ಹಿಂಬದಿಯಲ್ಲಿ ದಿನಾಂಕದ ಜೊತೆಗೆ ಒಂದು ವಾಕ್ಯ ಬರೆದಿರಬೇಕೆಂದು ಎಲ್ಲರಿಗೂ ಹೇಳಿದ್ದೇನೆ: ಈ ಹಾಳೆಯಲ್ಲಿ ಯಾವುದು ತಪ್ಪಿದೆ, ಅದು ತಪ್ಪುವಾಗ ಕೈ ಏನು ಮಾಡುತ್ತಿತ್ತು. ನಾನು ಮುಂಬದಿ ನೋಡಿ ಮನಸ್ಸಿನಲ್ಲಿಯೇ ನನ್ನ ವಾಕ್ಯ ಮಾಡಿಕೊಂಡ ಮೇಲೆ ಹಾಳೆ ತಿರುಗಿಸುತ್ತೇನೆ. ಎರಡೂ ಹೊಂದಿಕೊಂಡರೆ ಗೆರೆ ಇನ್ನೂ ಸೊಟ್ಟಗಿದ್ದರೂ ಮುಂದಿನ ಅಭ್ಯಾಸ ಕೊಡುತ್ತೇನೆ, ಹೊಂದದಿದ್ದರೆ ಗೆರೆ ನೇರವಾಗಿದ್ದರೂ ಅದೇ ಅಭ್ಯಾಸದ ಇನ್ನೊಂದು ಹಾಳೆ ಕೇಳುತ್ತೇನೆ.