ಕೂತಾಗ 96, ಮೆಟ್ಟಿಲು ಹತ್ತಿದಾಗ 88

ಬೆರಳಿಗೆ ಆಕ್ಸಿಮೀಟರ್ ಸಿಕ್ಕಿಸಿ, ಕೂತಲ್ಲೇ 96 ಬಂತು ಅಂತ ನೆಮ್ಮದಿಪಡುವವರು ಬಹಳ. ಅಂದರೆ ರಕ್ತದ ಹಿಮೋಗ್ಲೋಬಿನ್‌ನಲ್ಲಿ ನೂರಕ್ಕೆ 96 ಭಾಗ ಆಮ್ಲಜನಕ ಹೊತ್ತಿದೆ ಅಂತ. ಮೆಟ್ಟಿಲು ಹತ್ತಿದರೆ ಏದುಸಿರು ಬರುವವರಿಗೆ ಆ ಅಂಕಿ ಅರ್ಧ ವಿಷಯವನ್ನಷ್ಟೇ ಹೇಳುತ್ತದೆ.

ಆಮ್ಲಜನಕವನ್ನು ರಕ್ತಕ್ಕೆ ಯಾರೂ ತಳ್ಳುವುದಿಲ್ಲ. ಒತ್ತಡ ಹೆಚ್ಚಿರುವ ಕಡೆಯಿಂದ ಕಡಿಮೆಯಿರುವ ಕಡೆಗೆ ಅದು ತಾನಾಗಿ ಹರಡುತ್ತದೆ, ಅಷ್ಟೇ. ಸಮುದ್ರಮಟ್ಟದಲ್ಲಿ ಶ್ವಾಸಕೋಶದ ಗಾಳಿಗೂಡುಗಳೊಳಗೆ ಆಮ್ಲಜನಕದ ಒತ್ತಡ ಸುಮಾರು 100 ಮಿ.ಮೀ. ಪಾದರಸ. ಮೈಸೂರು ಸುಮಾರು 760 ಮೀಟರ್ ಎತ್ತರದಲ್ಲಿದೆ. ಲೆಕ್ಕ ಹಾಕಿದರೆ ಇಲ್ಲಿ 85–90 ಬರುತ್ತದೆ. ಮೈಯೆಲ್ಲ ಸುತ್ತಿ ಬಂದ ರಕ್ತದಲ್ಲಿ 40. ಇಂಗಾಲದ ಡೈಆಕ್ಸೈಡ್‌ಗೆ ಸಿಗುವ ಅಂತರ ಬರೀ 5, ಅಂದರೆ 45ರಿಂದ 40ಕ್ಕೆ. ಆದರೆ ಅದು ಗಾಳಿಗೂಡಿಗೂ ರಕ್ತಕ್ಕೂ ನಡುವಿನ ಪೊರೆಯನ್ನು ಆಮ್ಲಜನಕಕ್ಕಿಂತ ಸುಮಾರು 20 ಪಟ್ಟು ಸಲೀಸಾಗಿ ದಾಟುತ್ತದೆ. ಹಾಗಾಗಿ ಪೊರೆ ಕೆಟ್ಟಾಗ ಮೊದಲು ಕೊರತೆಯಾಗುವುದು ಆಮ್ಲಜನಕವೇ.

ಆ ಪೊರೆ ಅರ್ಧ ಮೈಕ್ರಾನ್‌ನಷ್ಟು ತೆಳು. ಅದರ ಪಕ್ಕದ ಲೋಮನಾಳವನ್ನು (ಅತಿ ಸಣ್ಣ ರಕ್ತನಾಳ) ರಕ್ತ ದಾಟಲು ಸುಮಾರು 0.75 ಸೆಕೆಂಡ್ ಬೇಕು, ಮೊದಲ 0.25 ಸೆಕೆಂಡಿನಲ್ಲೇ ಆಮ್ಲಜನಕ ತುಂಬಿಕೊಂಡಿರುತ್ತದೆ. ಉಳಿದದ್ದು ಮೀಸಲು. ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು ಹತ್ತುವಾಗ ಹೃದಯ ಜೋರಾಗಿ ಬಡಿದು, ಆ 0.75 ಸೆಕೆಂಡ್ 0.25ರ ಹತ್ತಿರಕ್ಕೆ ಇಳಿಯಬಹುದು. ಆರೋಗ್ಯವಂತರಿಗೆ ಅದೂ ಸಾಕು. ಫೈಬ್ರೋಸಿಸ್‌ನಿಂದ, ಅಂದರೆ ಶ್ವಾಸಕೋಶ ಗಾಯದ ಕಲೆಯ ಹಾಗೆ ಗಟ್ಟಿಯಾಗುವ ಕಾಯಿಲೆಯಿಂದ, ಪೊರೆ ದಪ್ಪಗಾದವರಿಗೆ ಕೂತಾಗ ಮೀಸಲು ಸಮಯವೆಲ್ಲ ಸೇರಿ ಹೇಗೋ ಸರಿದೂಗಿರುತ್ತದೆ, ಹತ್ತುವಾಗ ಸಾಲದು. ಆಸ್ಪತ್ರೆಯಲ್ಲಿ ಆರು ನಿಮಿಷ ನಡೆಸಿ ಆಕ್ಸಿಮೀಟರ್ ನೋಡುವುದು ಇದಕ್ಕೇ. ಮನೆಯಲ್ಲಿ ನೋಡುವುದಾದರೂ ನಡೆಯುವಾಗ, ನಿಂತ ತಕ್ಷಣ ನೋಡಿ. ಐದು ನಿಮಿಷ ಸುಧಾರಿಸಿಕೊಂಡು ನೋಡಿದರೆ ಏನೂ ತಿಳಿಯದು.

ಆಕ್ಸಿಮೀಟರ್ ತೋರಿಸುವ 90 ಅನ್ನುವುದನ್ನು ಪರೀಕ್ಷೆಯ ಅಂಕದ ಹಾಗೆ ಓದಬೇಡಿ. ಅಲ್ಲಿ ರಕ್ತದ ಆಮ್ಲಜನಕದ ಒತ್ತಡ ಆಗಲೇ 60ಕ್ಕೆ ಬಂದಿರುತ್ತದೆ. ಅಲ್ಲಿಂದ ಕೆಳಗೆ ಒತ್ತಡ ಸ್ವಲ್ಪ ಇಳಿದರೂ ಅಂಕಿ ದಡದಡನೆ ಬೀಳುತ್ತದೆ.

ನ್ಯುಮೋನಿಯಾದ ತೊಂದರೆ ಬೇರೆ. ಗೂಡಿನೊಳಗೆ ಕೀವು, ನೀರು ತುಂಬಿ ಗಾಳಿಯೇ ಒಳಗೆ ಹೋಗುವುದಿಲ್ಲ. ಅಲ್ಲಿ ಹಾದ ರಕ್ತ ಹಾಗೇ ವಾಪಸ್. ಮಾಸ್ಕ್‌ನಲ್ಲಿ ಎಷ್ಟು ಆಮ್ಲಜನಕ ಕೊಟ್ಟರೂ ಆ ಭಾಗಕ್ಕೆ ತಲುಪದು.

ಆಕ್ಸಿಮೀಟರ್ ಪೂರ್ತಿ ಮೋಸಹೋಗುವ ಸಂದರ್ಭವೂ ಒಂದಿದೆ. ಮಂಡ್ಯದ ಆಲೆಮನೆ ಒಲೆಯ ಹೊಗೆ ಬಯಲಿಗೆ ಹೋಗುತ್ತದೆ, ಆದರೆ ಚಳಿಗೆ ಕಿಟಕಿ ಮುಚ್ಚಿ ಕೆಂಡ ಇಟ್ಟು ಮಲಗಿದ ಕೋಣೆಯಲ್ಲಿ ಕಾರ್ಬನ್ ಮೋನಾಕ್ಸೈಡ್ ಸೇರಿಕೊಳ್ಳುತ್ತದೆ. ಅದು ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಬಿಗಿಯಾಗಿ ಅಂಟುತ್ತದೆ, ಸಾಮಾನ್ಯ ಆಕ್ಸಿಮೀಟರ್ ಅದನ್ನೂ ಆಮ್ಲಜನಕವೆಂದೇ ಎಣಿಸಿ 98 ತೋರಿಸುತ್ತದೆ. ತಲೆನೋವು, ವಾಂತಿ, ಮಂಪರು ಇದ್ದರೆ ಮೊದಲು ಹೊರಗೆ ಕರೆತನ್ನಿ, ಆಮೇಲೆ ಆಸ್ಪತ್ರೆ. ಕೆಂಡದ ವಿಷಯ ಅಲ್ಲಿ ಹೇಳಲೇಬೇಕು. ಬರೀ ಗಾಳಿಯಲ್ಲಿ ಆ ವಿಷ ಅರ್ಧಕ್ಕಿಳಿಯಲು 4–5 ಗಂಟೆ ಹಿಡಿಯುತ್ತದೆ, ಶುದ್ಧ ಆಮ್ಲಜನಕ ಕೊಟ್ಟರೆ ಸುಮಾರು ಒಂದೂವರೆ ಗಂಟೆ.