18 ತುಂಬುವ ಮೊದಲೇ ಕಲಿಸಬೇಕಾದದ್ದು

ಕಾಸರಗೋಡಿನ ಎಣ್ಮಕಜೆ, ಬೆಳ್ಳೂರು, ಕುಂಬ್ಡಾಜೆ ಕಡೆ ಬೌದ್ಧಿಕ ವೈಕಲ್ಯವಿರುವ ಮಕ್ಕಳ ಮನೆಗಳಲ್ಲಿ ‘ಶಾಲೆ ಮುಗಿದ ಮೇಲೆ ಏನು’ ಎಂಬ ಮಾತು ಏಳುವುದು ಸಾಮಾನ್ಯವಾಗಿ ಮಗುವಿಗೆ 17 ದಾಟಿದಾಗ. ಅಷ್ಟು ಹೊತ್ತಿಗೆ ತಡವಾಗಿರುತ್ತದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಉಚಿತ ಶಿಕ್ಷಣದ ಹಕ್ಕು ಕೊಟ್ಟಿರುವುದು 6ರಿಂದ 18 ವರ್ಷದವರೆಗೆ. ಆಮೇಲೆ ಬಡ್ಸ್ ಶಾಲೆಯಿಂದ, ಅಂದರೆ ಇಂಥ ಮಕ್ಕಳಿಗಾಗಿ ಪಂಚಾಯತಿ ನಡೆಸುವ ವಿಶೇಷ ಶಾಲೆಯಿಂದ, 18 ದಾಟಿದವರ ಬಡ್ಸ್ ಪುನರ್ವಸತಿ ಕೇಂದ್ರಕ್ಕೆ. ಕೆಲಸ ಅಲ್ಲಿಯೇ ಕಲಿಸಿದರಾಯಿತು ಎಂದು ಬಿಟ್ಟರೆ ಕೈಗೆ ಅಭ್ಯಾಸವಿರುವುದಿಲ್ಲ, ಒಂದೇ ಕಡೆ ಒಂದು ಗಂಟೆ ಕೂತು ಗೊತ್ತಿರುವುದಿಲ್ಲ. 14ಕ್ಕೆ ಶುರು ಮಾಡಿ.

ಕೆಲಸ ಆರಿಸುವಾಗ ಊರಿನಲ್ಲಿ ವರ್ಷವಿಡೀ ಯಾವುದಕ್ಕೆ ಗಿರಾಕಿ ಇದೆ ಎಂದು ನೋಡಿ. ಮೇಣದಬತ್ತಿ, ಕಾಗದದ ಹೂವು ಕೊಳ್ಳುವವರು ಪ್ರದರ್ಶನದ ದಿನ ಬಿಟ್ಟರೆ ಕಡಿಮೆ. ನಮ್ಮದು ಅಡಿಕೆ ಸೀಮೆ. ಮದುವೆ, ಪೂಜೆ, ಕೋಲ ಎಲ್ಲಕ್ಕೂ ಹಾಳೆತಟ್ಟೆ ಬೇಕು.

ಹಾಳೆತಟ್ಟೆಯ ಕೆಲಸವನ್ನು ಏಳು ತುಂಡು ಮಾಡಬಹುದು: ಹಾಳೆ ಆರಿಸುವುದು, ನೆನೆಹಾಕುವುದು, ಬ್ರಷ್ಷಿನಲ್ಲಿ ಉಜ್ಜುವುದು, ನೀರು ಬಸಿಯಲು ನಿಲ್ಲಿಸುವುದು, ಬಿಸಿ ಅಚ್ಚಿನಲ್ಲಿ ಒತ್ತುವುದು, ಅಂಚು ನೋಡಿ ಬಿಸಿಲಿಗಿಡುವುದು, ಎಣಿಸಿ ಕಟ್ಟುವುದು. ಹಾಳೆ ತೀರ ಒಣಗಿದ್ದರೆ ಅಚ್ಚಿನಲ್ಲಿ ಬಿರಿಯುತ್ತದೆ. ನೀರು ಬಸಿಯದೆ ಒತ್ತಿದರೆ ತಟ್ಟೆಯಲ್ಲಿ ತೇವ ಉಳಿದು ಕಟ್ಟಿನೊಳಗೇ ಬೂಸು ಬರುತ್ತದೆ. ಮಳೆಗಾಲಕ್ಕೆ ಬೇಕಾದ ಹಾಳೆಯನ್ನು ಬೇಸಗೆಯಲ್ಲೇ ಒಣಗಿಸಿ ಕೂಡಿಡಬೇಕು. ಫಿಟ್ಸ್ ಬರುವ ಮಕ್ಕಳನ್ನು ಅಚ್ಚಿನ ಹತ್ತಿರ ಬಿಡಲೇಬಾರದು, ಔಷಧಿಯಲ್ಲಿ ಹತೋಟಿಗೆ ಬಂದಿದ್ದರೂ ಕೂಡ. ಉಳಿದ ಆರು ತುಂಡುಗಳಲ್ಲಿ ಅವರಿಗೆ ಬೇಕಾದಷ್ಟು ಕೆಲಸವಿದೆ.

ಕಲಿಸುವುದು ಕೊನೆಯ ತುಂಡಿನಿಂದ. ಮೊದಲು ಕಟ್ಟುವುದು, ಅದು ಕೈಗೆ ಹತ್ತಿದ ಮೇಲೆ ಬಿಸಿಲಿಗಿಡುವುದು, ಹೀಗೆ ಹಿಂದಕ್ಕೆ ಹೋಗಬೇಕು. ಆಗ ಮೊದಲ ದಿನವೇ ಮಗುವಿನ ಕೈಯಲ್ಲಿ ಮಾರಲು ಸಿದ್ಧವಾದ ಕಟ್ಟು ಇರುತ್ತದೆ. ಎಣಿಸಲು ಬಾರದವರಿಗೆ 10 ಸೀಳು ಇರುವ ಮರದ ಸ್ಟ್ಯಾಂಡ್ ಸಾಕು. ಸೀಳಿಗೊಂದು ತಟ್ಟೆ, ಖಾಲಿ ಸೀಳು ಉಳಿಯಲಿಲ್ಲವೆಂದರೆ ಹತ್ತಾಯಿತು. ಲೆಕ್ಕ ಕಲಿಯಲಿ ಎಂದು ಎರಡು ವರ್ಷ ಕಾಯಿಸುವುದು ಅನ್ಯಾಯ.

ಸಹಾಯ ಕಡಿಮೆ ಮಾಡುವ ಕ್ರಮ ಹೀಗೆ: ಕೈಮೇಲೆ ಕೈ, ಆಮೇಲೆ ಮಣಿಕಟ್ಟನ್ನು ಮುಟ್ಟುವುದು ಮಾತ್ರ, ಆಮೇಲೆ ಬೆರಳು ತೋರಿಸುವುದು, ಕೊನೆಗೆ ಸುಮ್ಮನೆ ದೂರ ನಿಲ್ಲುವುದು. ಹೆಚ್ಚಿನವರು ಎಡವುವುದು ಬಾಯಿಯಲ್ಲಿ. ‘ಈಗ ತೆಗೆ, ಈಗ ಇಡು’ ಎಂದು ಹೇಳುತ್ತಲೇ ಇದ್ದರೆ ಮಗು ತಟ್ಟೆಯನ್ನು ನೋಡುವುದಿಲ್ಲ, ನಿಮ್ಮ ಮುಂದಿನ ಮಾತಿಗೆ ಕಾಯುತ್ತದೆ. ಆ ರೂಢಿ ಬಿಡಿಸುವುದು ಬಹಳ ಕಷ್ಟ. ಪ್ರತಿ ತುಂಡಿನ ಎದುರು ‘ತಾನೇ’, ‘ಸನ್ನೆ’, ‘ಕೈ’ ಎಂದು ದಿನವೂ ಬರೆದಿಡಿ. ಸತತ ಮೂರು ದಿನ ‘ತಾನೇ’ ಬಂದರೆ ಮುಂದಿನದಕ್ಕೆ ಹೋಗಿ.

ನಮ್ಮಲ್ಲಿ ಇನ್ನೊಂದು ತೊಡಕಿದೆ. ಮನೆಯಲ್ಲಿ ತುಳುವೋ ಹವ್ಯಕವೋ ಮರಾಠಿಯೋ, ಶಾಲೆಯಲ್ಲಿ ಕನ್ನಡ, ಕೆಲಸದ ಜಾಗದಲ್ಲಿ ಮಲಯಾಳ. ಒಂದೇ ಕೆಲಸಕ್ಕೆ ಮೂರು ಹೆಸರು ಕೇಳಿದರೆ ಮಗು ಗೊಂದಲಕ್ಕೆ ಬೀಳುತ್ತದೆ. ಕೆಲಸದ ಹತ್ತು ಮಾತುಗಳನ್ನು ಮಗುವಿನ ಮನೆಮಾತಿನಲ್ಲೇ ಗೊತ್ತುಮಾಡಿ, ಫೋಟೋ ಕಾರ್ಡಿನ ಹಿಂದೆ ಮಲಯಾಳದಲ್ಲೂ ಬರೆದು ಮೇಲ್ವಿಚಾರಕರ ಕೈಗೆ ಕೊಡಿ. ಕಲಿಯಬೇಕಾದವರು ಅವರು.

ಕೆಲಸ ನಿಧಾನವಾಯಿತೆಂದು ಮನೆಗೆ ಕಳುಹಿಸುವುದಕ್ಕಿಂತ ಹೆಚ್ಚಾಗಿ ಶೌಚಾಲಯ, ಊಟ, ಮುಟ್ಟಿನ ದಿನಗಳು, ಸಿಕ್ಕಿದವರನ್ನು ಅಪ್ಪಿಕೊಳ್ಳುವುದು, ಇಂಥವಕ್ಕೆ ಕಳುಹಿಸುತ್ತಾರೆ. ಪ್ಯಾಡ್ ಬದಲಾಯಿಸುವುದನ್ನೂ ಹಾಳೆತಟ್ಟೆಯ ಹಾಗೆಯೇ ತುಂಡು ಮಾಡಿ ಕಲಿಸಬೇಕು. ಇದನ್ನು ಅಮ್ಮನೊಬ್ಬಳ ಪಾಲಿಗೆ ಬಿಡಬೇಡಿ. ಶಾಲೆಯ ವೇಳಾಪಟ್ಟಿಯಲ್ಲಿ ಬರಲಿ.

ಬಸ್ಸಿಗೆ ಬೋರ್ಡು ಓದಲೇಬೇಕೆಂದಿಲ್ಲ. ತನ್ನ ಊರಿನ ಬೋರ್ಡಿನ ಫೋಟೋ, ಖಾಸಗಿ ಬಸ್ಸಾದರೆ ಎದುರು ಬರೆದ ಅದರ ಹೆಸರು, ಇವನ್ನು ಗುರುತಿಸಿದರಾಯಿತು. ಮೊದಲು ಪಕ್ಕದಲ್ಲಿ ಕೂರಿ, ಆಮೇಲೆ ಎರಡು ಸೀಟು ಹಿಂದೆ, ಆಮೇಲೆ ಹತ್ತಿಸಿಬಿಟ್ಟು ಇಳಿಯುವ ಕಡೆ ಇನ್ನೊಬ್ಬರು ಕಾಯಲಿ. ಬಸ್ಸು ಬಾರದ ದಿನವನ್ನೂ ಬೇಕೆಂದೇ ಅಭ್ಯಾಸ ಮಾಡಿಸಿ: ಅಲ್ಲೇ ನಿಲ್ಲುವುದು, ಗೊತ್ತಿರುವ ಅಂಗಡಿಗೆ ಹೋಗಿ ಫೋನ್ ನಂಬರಿನ ಕಾರ್ಡ್ ತೋರಿಸುವುದು.

ಇನ್ನು ಕಾಗದಪತ್ರ. ಯುಡಿಐಡಿ ಕಾರ್ಡಿನ (ಅಂಗವಿಕಲರ ಗುರುತಿನ ಚೀಟಿ) ಮೇಲೆ ಅವಧಿ ಮುಗಿಯುವ ದಿನಾಂಕವಿದೆಯೇ ನೋಡಿ. ಇದ್ದರೆ ಆರು ತಿಂಗಳು ಮೊದಲೇ ನವೀಕರಣಕ್ಕೆ ಹಾಕಿ. 18 ತುಂಬಿದ ಮೇಲೆ ಬ್ಯಾಂಕಿನ ಮೈನರ್ ಖಾತೆಯನ್ನು ಬದಲಾಯಿಸಬೇಕು, ಕೆವೈಸಿ ಹೊಸದಾಗಿ ಆಗಬೇಕು. ಪಿಂಚಣಿ ಬರುತ್ತಿದ್ದರೆ ಅಕ್ಷಯ ಸೇವಾ ಕೇಂದ್ರದ ಮಸ್ಟರಿಂಗ್, ಅಂದರೆ ಪಿಂಚಣಿ ಪಡೆಯುವವರು ಬದುಕಿದ್ದಾರೆಂದು ದಾಖಲಿಸುವುದು, ಮರೆಯಬೇಡಿ. ತಪ್ಪಿದರೆ ಹಣ ನಿಲ್ಲುತ್ತದೆ.

18ರ ನಂತರ ಅಪ್ಪ ಅಮ್ಮ ತಾವಾಗಿಯೇ ಕಾನೂನಿನ ಪಾಲಕರಾಗಿ ಉಳಿಯುವುದಿಲ್ಲ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ವೈಕಲ್ಯ, ಬಹು ವೈಕಲ್ಯ ಇರುವವರಿಗೆ 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಡಿ ಸ್ಥಳೀಯ ಮಟ್ಟದ ಸಮಿತಿ ಪಾಲಕರನ್ನು ನೇಮಿಸುತ್ತದೆ; ಜಿಲ್ಲಾಧಿಕಾರಿ ಅದರಲ್ಲಿರುತ್ತಾರೆ. ನೇಮಕವಾದ ಆರು ತಿಂಗಳೊಳಗೆ ಮಗುವಿನ ಆಸ್ತಿಯ ಪಟ್ಟಿ, ಪ್ರತಿ ಹಣಕಾಸು ವರ್ಷ ಮುಗಿದ ಮೂರು ತಿಂಗಳೊಳಗೆ ಲೆಕ್ಕ ಕೊಡಬೇಕು. ಆದರೆ ಎಲ್ಲರಿಗೂ ಪಾಲಕರು ಬೇಕೆಂದು ಅರ್ಜಿ ಹಾಕಬೇಡಿ. ಕಿವಿ ಕೇಳದ, ಕಣ್ಣು ಕಾಣದ, ನಡೆಯಲಾಗದ ಕಾರಣಕ್ಕೆ ಯಾರಿಗೂ ಪಾಲಕರ ಅಗತ್ಯವಿಲ್ಲ. 18 ತುಂಬಿದ ಮೇಲೆ ಸಹಿಯೂ ಹೆಬ್ಬೆಟ್ಟೂ ಅವರದೇ, ದುಡಿದ ಹಣವೂ ಅವರದೇ ಖಾತೆಗೆ ಬರಬೇಕು.