ಇದು ಯಾವ ಇಲಾಖೆಗೆ ಬರುತ್ತೆ?

ನವೆಂಬರ್ ಬಂತೆಂದರೆ ನಮ್ಮ ಪಂಚಾಯಿತಿಯಲ್ಲಿ ಮಕ್ಕಳ ಗ್ರಾಮಸಭೆಯ ಗಡಿಬಿಡಿ. ನಾನು ಅಲ್ಲಿನ ಗ್ರಂಥಾಲಯದ ಮೇಲ್ವಿಚಾರಕ. ಈಗ ಅದಕ್ಕೆ ಅರಿವು ಕೇಂದ್ರ ಅಂತ ಹೆಸರು. ಅಕ್ಷರ ದುಂಡಗಿದೆ ಅನ್ನೋ ಒಂದೇ ಕಾರಣಕ್ಕೆ ಸಭೆಯ ನಡಾವಳಿ ಬರೆಯುವ ಕೆಲಸ ಪ್ರತಿ ಸಲ ನನ್ನ ಕೊರಳಿಗೇ ಬೀಳುತ್ತದೆ.

ಈ ಸಭೆಯಲ್ಲಿ ಕೇಳುವವರು ಮಕ್ಕಳು. ಉತ್ತರ ಕೊಡಬೇಕಾದವರು ಅಧ್ಯಕ್ಷರು, ಪಿಡಿಒ, ಮೇಷ್ಟ್ರುಗಳು, ಅಂಗನವಾಡಿಯವರು, ಪೊಲೀಸರು. ಎದ್ದು ನಿಂತು ಕೇಳಲು ಸಂಕೋಚವಾದರೆ ಚೀಟಿ ಬರೆದು ಡಬ್ಬಿಗೆ ಹಾಕಬಹುದು. ಶೌಚಾಲಯಕ್ಕೆ ನೀರಿಲ್ಲ, ಕಾಂಪೌಂಡ್ ಬಿದ್ದಿದೆ, ಬೀದಿದೀಪ ಉರಿಯಲ್ಲ. ಹೆಚ್ಚುಕಮ್ಮಿ ಇವೇ ಚೀಟಿಗಳು. ಬರೆದುಕೊಳ್ಳುವುದೂ ಸುಲಭ: ಬೇಡಿಕೆ, ಸಂಬಂಧಪಟ್ಟ ಇಲಾಖೆ, ಕೈಗೊಂಡ ಕ್ರಮ, ಇಷ್ಟೇ ಕಾಲಂ.

ಹೋದ ಸಲ ನಡುವೆ ಒಂದು ಚೀಟಿ ಬಂತು. ಗೆರೆ ನೋಟ್‌ಬುಕ್ಕಿನ ಅರ್ಧ ಹಾಳೆ. ಬಸ್ಸಿನ ಹಿಂದಿನ ಸೀಟಿನವರು ನನ್ನನ್ನು ಹೀಗೆ ಕರೆಯುತ್ತಾರೆ, ದಯವಿಟ್ಟು ನಿಲ್ಲಿಸಿ ಅಂತಿತ್ತು. ‘ಹೀಗೆ’ ಅನ್ನುವುದರ ಮುಂದೆ ಆ ಅಡ್ಡಹೆಸರನ್ನು ಬರೆದು, ಆಮೇಲೆ ಪೆನ್ನಿನಿಂದ ಒತ್ತಿ ಒತ್ತಿ ಗೀಚಿದ್ದರು. ಆ ಜಾಗದಲ್ಲಿ ಕಾಗದ ತೂತಾಗಿತ್ತು.

ಒಬ್ಬ ಸದಸ್ಯರು ಮೈಕ್ ಹಿಡಿದು, "ಯಾರಪ್ಪಾ ಬರೆದಿದ್ದು? ಎದ್ದು ನಿಂತ್ಕೋ, ಹೆದರಬೇಡ" ಅಂದರು. ಪಾಪ, ಒಳ್ಳೆಯ ಮನಸ್ಸಿನಿಂದಲೇ ಕೇಳಿದರು. ಆದರೆ ಕಾಟ ಕೊಡುವವರೂ ಅದೇ ಜಮಖಾನದ ಮೇಲೆ ಕೂತಿರುತ್ತಾರಲ್ಲ! ಮುಖ್ಯೋಪಾಧ್ಯಾಯಿನಿ ತಕ್ಷಣ ಎದ್ದು, ಹೆಸರು ಬೇಡ ಅಂತ ತಡೆದರು. ಆಮೇಲೆ ಶುರುವಾಯಿತು ದೊಡ್ಡವರ ಮಾತು. ಮಕ್ಕಳು ಅಂದ್ಮೇಲೆ ರೇಗಿಸೋದು ಇದ್ದದ್ದೇ. ನಮ್ಮ ಕಾಲದಲ್ಲಿ ಇದಕ್ಕಿಂತ ಜಾಸ್ತಿ ಇತ್ತು, ನಾವೇನು ಹಾಳಾಗಿ ಹೋದ್ವಾ? ಈ ಮಾತು ಕೇಳಿದರೆ ನನಗೆ ಮೈ ಉರಿಯುತ್ತದೆ. ಹಾಗೆ ಹೇಳುವವರು ಸಾಮಾನ್ಯವಾಗಿ ರೇಗಿಸಿದವರು, ರೇಗಿಸಿಕೊಂಡವರಲ್ಲ.

ಪಿಡಿಒ ನನ್ನ ಕಡೆ ಬಗ್ಗಿ, "ಇದು ಯಾವ ಇಲಾಖೆಗೆ ಬರುತ್ತೆ?" ಅಂತ ಕೇಳಿದರು. ಶಿಕ್ಷಣ ಇಲಾಖೆ ಅನ್ನೋಣ ಅಂದರೆ ಘಟನೆ ಬಸ್ಸಿನಲ್ಲಿ. ಪೊಲೀಸ್ ಅನ್ನೋಣ ಅಂದರೆ ಎಲ್ಲರೂ ಹದಿಮೂರು ಹದಿನಾಲ್ಕರ ಹುಡುಗರು. ಕಾಲೇಜುಗಳ ರ‍್ಯಾಗಿಂಗ್ ತಡೆಗೆ 2009ರ ಯುಜಿಸಿ ನಿಯಮಗಳಿವೆ, ಸಹಾಯವಾಣಿಯೂ ಇದೆ. ಎಂಟನೇ ಕ್ಲಾಸಿನವನು ಅಲ್ಲಿಗೆ ಸೇರಲ್ಲ.

ಅಂಗನವಾಡಿ ಮೇಲ್ವಿಚಾರಕಿ ಮಕ್ಕಳ ಸಹಾಯವಾಣಿ 1098 ನೆನಪಿಸಿದರು. ಆ ನಂಬರ್ ನಮ್ಮ ಶಾಲೆಯ ಗೋಡೆ ಮೇಲೇ ಇದೆ. ಮುಂದೆ ಕೂತಿದ್ದ ಹುಡುಗನೊಬ್ಬ, "ಅದು ಬಾಲ್ಯವಿವಾಹಕ್ಕೆ ಅಲ್ವಾ ಮೇಡಂ?" ಅಂದ. ಅವನ ತಪ್ಪೇನಿಲ್ಲ, ಗೋಡೆಯಲ್ಲಿ ನಂಬರಿನ ಪಕ್ಕ ಬರೆದಿರುವುದು ಬರೀ ಮದುವೆಯ ಚಿತ್ರ. ಕಷ್ಟದಲ್ಲಿರುವ ಯಾವ ಮಗುವಾದರೂ ಹಗಲೂ ರಾತ್ರಿ ಫೋನ್ ಮಾಡಬಹುದು, ದುಡ್ಡು ಖರ್ಚಾಗಲ್ಲ ಅಂತ ಮೇಡಂ ಬಿಡಿಸಿ ಹೇಳಿದರು. ಮನಸ್ಸಿಗೆ ತೀರಾ ಬೇಜಾರಾದರೆ ಟೆಲಿ ಮನಸ್ ಇದೆ, 14416, ಕನ್ನಡದಲ್ಲೇ ಮಾತಾಡುತ್ತಾರೆ ಅಂತಲೂ ಅಂದರು. ಕೆಲವರು ಅಂಗೈಯಲ್ಲಿ ಬರೆದುಕೊಂಡರು.

ಕೊನೆಗೆ ಅಧ್ಯಕ್ಷರು ಜಾಗೃತಿ ಜಾಥಾ ಮಾಡೋಣ ಅಂದರು. ಮಕ್ಕಳ ಕಡೆಯಿಂದ ಸಣ್ಣಗೆ ‘ಅಯ್ಯೋ’ ಕೇಳಿಸಿತು. ಡೆಂಗಿಗೂ ಜಾಥಾ, ತಂಬಾಕಿಗೂ ಜಾಥಾ, ಮತದಾನಕ್ಕೂ ಜಾಥಾ. ಬಿಸಿಲಲ್ಲಿ ಬೋರ್ಡು ಹೊತ್ತು ನಡೆಯುವವರು ಅವರೇ ತಾನೆ. ನನಗೂ ಜಾಥಾದ ಮೇಲೆ ಅಂಥ ನಂಬಿಕೆ ಇಲ್ಲ. ‘ಪೀಡಿಸಬೇಡಿ’ ಅಂತ ಕೂಗಿದರೆ, ಪೀಡಿಸುವವನೂ ಜೊತೆಗೆ ಕೂಗುತ್ತಾನೆ. ತಾನು ಮಾಡ್ತಿರೋದು ತಮಾಷೆ ಅಂತಲೇ ಅವನ ಲೆಕ್ಕ.

ಆಗ ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳು ಕೈ ಎತ್ತಿದಳು. "ಸರ್, ಕರೆಯೋರು ಇಬ್ಬರೇ. ನಗೋದು ಇಡೀ ಬಸ್ಸು. ನಾವು ನಗದೇ ಇದ್ರೆ ಅವರಿಗೆ ಮಜಾ ಬರಲ್ಲ."

ನನ್ನ ಪೆನ್ನು ನಿಂತಿತು. ಹೇಳಿಕೊಟ್ಟ ಮಾತಲ್ಲ, ದಿನಾ ಅದೇ ಬಸ್ಸಿನಲ್ಲಿ ಕಂಬಿ ಹಿಡಿದು ನಿಂತು ಕಂಡಿದ್ದು. ಆಮೇಲೆ ಈ ಬಗ್ಗೆ ಹುಡುಕಿ ಓದುವಾಗ ಕೆನಡಾದ ಒಂದು ಅಧ್ಯಯನ ಸಿಕ್ಕಿತು, 2001ರದ್ದು. ಶಾಲೆಯ ಮೈದಾನದಲ್ಲಿ ಮಕ್ಕಳನ್ನು ವಿಡಿಯೊ ಮಾಡಿ ನೋಡಿದ್ದಾರೆ. ಪಕ್ಕದಲ್ಲಿದ್ದ ಮಗು ಮಧ್ಯೆ ಬಂದಾಗ, ಅರ್ಧಕ್ಕಿಂತ ಹೆಚ್ಚು ಸಲ 10 ಸೆಕೆಂಡಿನೊಳಗೆ ಕಾಟ ನಿಂತಿದೆ. ನಮ್ಮ ಹುಡುಗಿಗೆ ಇದು ಓದದೇ ಗೊತ್ತಿತ್ತು.

ಅವಳ ಪ್ಲಾನ್ ಇನ್ನೂ ಇತ್ತು. ದಿನಕ್ಕಿಬ್ಬರಂತೆ ದೊಡ್ಡ ಕ್ಲಾಸಿನವರು ಹಿಂದಿನ ಸೀಟಿನ ಹತ್ತಿರ ಕೂರುವುದು. ಅಡ್ಡಹೆಸರು ಕೇಳಿಸಿದರೆ ಜಗಳ ಬೇಡ, ಆ ಹುಡುಗನನ್ನು ಅವನ ನಿಜವಾದ ಹೆಸರಿನಿಂದ ಜೋರಾಗಿ ಕರೆದು ಮುಂದೆ ಕೂರಿಸುವುದು. ಕಂಡಕ್ಟರಿಗೆ ಶಾಲೆಯವರು ಒಂದು ಮಾತು ಹೇಳುವುದು. ನಾನು ಹಾಗೇ ಬರೆದುಕೊಂಡೆ. ಇಲಾಖೆಯ ಕಾಲಂನಲ್ಲಿ ‘ಎಲ್ಲರೂ’ ಅಂತ ಹಾಕಿದೆ. ಪಿಡಿಒ ಹುಬ್ಬೇರಿಸಿದರು, ಆದರೆ ಸಹಿ ಮಾಡಿದರು.

ಮುಂದಿನ ಪರಿಶೀಲನಾ ಸಭೆಗೆ ನೀರು ಬಂದಿತ್ತು, ಬೀದಿದೀಪ ಬಂದಿತ್ತು. ಒಂದೊಂದರ ಎದುರೂ ‘ಪೂರ್ಣಗೊಂಡಿದೆ’ ಬರೆಯುತ್ತಾ ಬಂದೆ. "ಇದನ್ನೂ ಮುಗಿಸಿಬಿಡಿ, ಫೈಲ್ ಕ್ಲೋಸ್ ಆಗಲಿ" ಅಂದರು ಪಿಡಿಒ. ಒಂದು ಮಾತು ಅವಳನ್ನೇ ಕೇಳೋಣ ಅಂದೆ.

"ಬಸ್ಸಲ್ಲಿ ಕಮ್ಮಿ ಆಗಿದೆ ಸರ್" ಅಂದಳು. "ಈಗ ಕ್ಲಾಸಿನ ವಾಟ್ಸಾಪ್ ಗ್ರೂಪಲ್ಲಿ ಅವನ ಫೋಟೊ ಸ್ಟಿಕ್ಕರ್ ಮಾಡಿ ಹಾಕ್ತಿದಾರೆ. ಅದಕ್ಕೂ ಏನಾದ್ರೂ ಯೋಚನೆ ಮಾಡ್ಬೇಕು."

‘ಪ್ರಗತಿಯಲ್ಲಿದೆ’ ಅಂತ ಬರೆದೆ.